ಆಫ್‌ಸೆಟ್ ಸ್ಮೋಕರ್: ಉಕ್ಕಿನ ಕೊಳವೆಯಿಂದ ಮನೆಯಲ್ಲೇ ಕಟ್ಟುವ ಬಗೆ

ಸ್ಮೋಕರ್ ಎಂದರೆ ಮಾಂಸವನ್ನು ಸೌದೆಯ ಹೊಗೆಯಲ್ಲೂ ಬಿಸಿಗಾಳಿಯಲ್ಲೂ ಬೇಯಿಸುವ ಒಲೆ. ಆಫ್‌ಸೆಟ್ ಸ್ಮೋಕರ್‌ನಲ್ಲಿ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಮಲಗಿಸಿದ ದಪ್ಪ ಕೊಳವೆ, ಅದರ ಒಂದು ತುದಿಗೆ ತುಸು ತಗ್ಗಿನಲ್ಲಿ ಕೂರಿಸಿದ ಫೈರ್‌ಬಾಕ್ಸ್ (ಸೌದೆ ಉರಿಸುವ ಪೆಟ್ಟಿಗೆ), ಇನ್ನೊಂದು ತುದಿಗೆ ಚಿಮಣಿ. ಸೌದೆಯ ಬಿಸಿಗಾಳಿಯೂ ಹೊಗೆಯೂ ಒಂದು ತುದಿಯಲ್ಲಿ ಹೊಕ್ಕು, ಮಾಂಸವನ್ನು ಸವರಿಕೊಂಡು ಹೋಗಿ, ಮತ್ತೊಂದು ತುದಿಯಲ್ಲಿ ಹೊರಬೀಳುತ್ತವೆ. ಮೊದಲ ಸಲ ಕಟ್ಟುವವರು ಬೆಸುಗೆಯ ಅಂದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ; ಕೊನೆಗೆ ಕೈಕೊಡುವುದು ಗಾಳಿಯ ಲೆಕ್ಕ. ಸೊಟ್ಟ ಬೆಸುಗೆಯನ್ನು ಗ್ರೈಂಡರ್ ಹಿಡಿದು ತಿದ್ದಬಹುದು. ಕಿರಿದಾದ ಚಿಮಣಿಯನ್ನು ಕತ್ತರಿಸಿ ಬಿಸಾಡಬೇಕಾಗುತ್ತದೆ.

ಇಲ್ಲಿ ವಿವರಿಸುವುದು 508 ಮಿ.ಮೀ. ಹೊರವ್ಯಾಸ, 6 ಮಿ.ಮೀ. ಗೋಡೆ, 1220 ಮಿ.ಮೀ. ಉದ್ದದ ಕೊಳವೆಯ ಸ್ಮೋಕರ್. ಮನೆ ಬಳಕೆಗೆ ಇದು ಧಾರಾಳ. ಎಲ್ಲ ಸೇರಿ 200 ಕಿಲೋ ದಾಟುತ್ತದೆ ಎನ್ನುವುದು ಮಾತ್ರ ನೆನಪಿರಲಿ: ಕೊಳವೆಯೊಂದೇ 90 ಕಿಲೋ, ಫೈರ್‌ಬಾಕ್ಸ್ 55ರ ಸುಮಾರು. ಎಲ್ಲಿ ಕಟ್ಟುತ್ತೀರಿ, ಅಲ್ಲಿಂದ ಹೇಗೆ ಹೊರಗೆ ತರುತ್ತೀರಿ ಎಂದು ಮೊದಲೇ ಯೋಚಿಸಿ.

ಗಾಳಿಯ ಲೆಕ್ಕ

ಕೊಳವೆಯ ಒಳವ್ಯಾಸ 496 ಮಿ.ಮೀ. ಆದ್ದರಿಂದ ಒಳಗಿನ ಗಾತ್ರ ಸುಮಾರು 236 ಲೀಟರ್. ಫೈರ್‌ಬಾಕ್ಸ್ ಇದರ ಮೂರನೇ ಒಂದು ಭಾಗ ಇರಬೇಕು ಎನ್ನುವುದು ಕಟ್ಟುವವರಲ್ಲಿ ಬಳಕೆಯಲ್ಲಿರುವ ಅಂದಾಜು. ಒಳಗೆ 430 ಮಿ.ಮೀ.ನ ಚೌಕ ಪೆಟ್ಟಿಗೆ ಮಾಡಿದರೆ 79.5 ಲೀಟರ್ ಸಿಗುತ್ತದೆ, ಲೆಕ್ಕಕ್ಕೆ ಸರಿಹೊಂದುತ್ತದೆ. ಸ್ವಲ್ಪ ದೊಡ್ಡದಾದರೂ ಕೆಡುಕಿಲ್ಲ. ಚಿಕ್ಕದಾದರೆ ಉದ್ದನೆಯ ಸೌದೆ ಹಿಡಿಯುವುದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆಯುತ್ತ ಕೂರಬೇಕಾಗುತ್ತದೆ.

ಫೈರ್‌ಬಾಕ್ಸಿನಿಂದ ಕೊಳವೆಗೆ ಬಿಸಿ ದಾಟುವ ಕಿಂಡಿಯೇ ಗಂಟಲು. ಫೈರ್‌ಬಾಕ್ಸಿನ ಪ್ರತಿ ಲೀಟರಿಗೆ 3.15 ಚದರ ಸೆಂ.ಮೀ. ಹಿಡಿದರೆ 250 ಚದರ ಸೆಂ.ಮೀ. ಬೇಕಾಗುತ್ತದೆ. ಇದನ್ನು ಕನಿಷ್ಠ ಮಿತಿ ಎಂದೇ ಭಾವಿಸಿ. ನಮ್ಮ ವಿನ್ಯಾಸದಲ್ಲಿ 290ರ ಆಸುಪಾಸು ಇಟ್ಟಿದ್ದೇವೆ. ಗಾಳಿ ಒಳಬರುವ ಕಿಂಡಿಗೆ ಇದೇ ಅಂದಾಜಿನ ಸೂತ್ರ ಲೀಟರಿಗೆ 1.2 ಚದರ ಸೆಂ.ಮೀ. ಎನ್ನುತ್ತದೆ, ಅಂದರೆ 95. ಸೌದೆ ಉರಿಸುವವರಿಗೆ ಇದು ಸಾಲದು. ಇದ್ದಿಲು ಕಡಿಮೆ ಗಾಳಿಯಲ್ಲೂ ಕೆಂಡವಾಗಿ ಉಳಿಯುತ್ತದೆ. ಸೌದೆ ಹಾಗಲ್ಲ, ಉಸಿರು ಕಟ್ಟಿದೊಡನೆ ಉರಿ ಆರಿ ಹೊಗೆಯಾಡತೊಡಗುತ್ತದೆ. ಹಾಗಾಗಿ ಎರಡರಷ್ಟು ತೆರೆದು, ಬೇಡವಾದಾಗ ಮುಚ್ಚುವ ಜಾರುತಗಡು ಇಡುವುದು ಜಾಣತನ.

ಚಿಮಣಿಗೆ 150 ಮಿ.ಮೀ. ಒಳವ್ಯಾಸ, 900ರಿಂದ 1000 ಮಿ.ಮೀ. ಎತ್ತರ. 125ಕ್ಕಿಂತ ಕಿರಿದು ಬೇಡವೇ ಬೇಡ. ಒಳಗಿನ ಬಿಸಿಗಾಳಿ ಹೊರಗಿನ ಗಾಳಿಗಿಂತ ಹಗುರ. ಆ ವ್ಯತ್ಯಾಸಕ್ಕೆ ಚಿಮಣಿಯ ಎತ್ತರ ಸೇರಿದಾಗ ಎಳೆತ ಹುಟ್ಟುತ್ತದೆ. ತೀರಾ ಎತ್ತರ ಮಾಡಿದರೆ ಎಳೆತ ಅತಿಯಾಗಿ ಸೌದೆ ಬೇಗ ತೀರುತ್ತದೆ. ಗಿಡ್ಡವಾದರೆ ಫೈರ್‌ಬಾಕ್ಸಿನ ಬಾಗಿಲಿನಿಂದಲೇ ಹೊಗೆ ಮುಖಕ್ಕೆ ಹೊಡೆಯುತ್ತದೆ.

ಏನು ಬೇಕು, ಏನು ಬೇಡ

- ಮೈಲ್ಡ್ ಸ್ಟೀಲ್ ಕೊಳವೆ, ಮೇಲೆ ಹೇಳಿದ ಅಳತೆ
- 6 ಮಿ.ಮೀ. ಪ್ಲೇಟು: 430 × 430 ನಾಲ್ಕು, 442 × 442 ಒಂದು, 520 × 800 ಒಂದು, 502 ವ್ಯಾಸದ ಬಿಲ್ಲೆ ಒಂದು, ಬಾಗಿಲಿಗೆ 400 × 400 ಒಂದು
- ಚಿಮಣಿಗೆ 150 ಮಿ.ಮೀ. ಒಳವ್ಯಾಸದ ಪೈಪು, 3 ಮಿ.ಮೀ. ಗೋಡೆ ಸಾಕು
- 40 × 5 ಮತ್ತು 25 × 5 ಪಟ್ಟಿ, 25 × 25 × 3 ಹಾಗೂ 50 × 50 × 5 ಆ್ಯಂಗಲ್, 12 ಮಿ.ಮೀ. ಚೌಕ ಸರಳು, ಜಾಲರಿಗೆ 3 ಮಿ.ಮೀ. ದಪ್ಪದ ಎಕ್ಸ್‌ಪಾಂಡೆಡ್ ಮೆಟಲ್ (ತಗಡನ್ನು ಸೀಳಿ ಎಳೆದು ಮಾಡಿದ ಬಲೆ)
- 25 ಮಿ.ಮೀ. ಪೈಪಿನ ತುಂಡು ಮತ್ತು ಬಾಲ್ ವಾಲ್ವ್, ದಪ್ಪ ಕೀಲುಗಳು, ಎರಡು ಥರ್ಮಾಮೀಟರ್, ಅವಕ್ಕೆ ಅರ್ಧ ಇಂಚಿನ ತಿರುಪು (ಥ್ರೆಡ್) ಇರುವ ಸಾಕೆಟ್

ಸತು ಲೇಪಿಸಿದ ಯಾವುದೂ ಬೇಡ: ಕೊಳವೆ, ಜಾಲರಿ, ಬೋಲ್ಟು ಕೂಡ. ವೆಲ್ಡಿಂಗ್ ಮಾಡುವಾಗ ಸತು ಆವಿಯಾಗುತ್ತದೆ, ಆ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಹಿಡಿಯುತ್ತದೆ. ಕ್ರೋಮ್ ಲೇಪನವೂ, ಒಳಗೆ ಬಣ್ಣ ಬಳಿದ ಕೊಳವೆಯೂ ಹಾಗೇ ದೂರವಿರಲಿ. ಎಣ್ಣೆ ಡ್ರಮ್ಮಿನ ತಗಡು ಸುಮಾರು ಒಂದು ಮಿ.ಮೀ. ಮಾತ್ರ, ಸೌದೆಯ ಉರಿಗೆ ಅದು ಸೊಟ್ಟಗಾಗುತ್ತದೆ, ಗಾಳಿ ಬೀಸಿದಾಗಲೆಲ್ಲ ಒಳಗಿನ ಬಿಸಿ ಕುಸಿಯುತ್ತದೆ.

ಹಳೆಯ ಗ್ಯಾಸ್ ಟ್ಯಾಂಕ್ ಸಿಕ್ಕಿತೆಂದು ಆಸೆಪಡುವವರು ಬಹಳ. ದಪ್ಪವೂ ಇರುತ್ತದೆ, ಎರಡೂ ತುದಿ ಮುಚ್ಚಿಯೇ ಇರುತ್ತವೆ. ಆದರೆ ಖಾಲಿ ಎನಿಸಿದ ಟ್ಯಾಂಕಿನಲ್ಲಿ ಉಳಿದ ಆವಿಗೆ ಗ್ರೈಂಡರಿನ ಒಂದು ಕಿಡಿ ಸಾಕು. ವಾಲ್ವನ್ನು ಕಿಡಿ ಹಾರದಂತೆ ಬಿಚ್ಚಿ ತೆಗೆದು, ಸೋಪು ನೀರಿನಲ್ಲಿ ತೊಳೆದು, ಕಂಠದವರೆಗೆ ನೀರು ತುಂಬಿಸಿ, ನೀರು ಇದ್ದಂತೆಯೇ ಮೊದಲ ಸೀಳು ಹಾಕಬೇಕು. ಇದು ಕೈಲಾಗದು ಎನಿಸಿದರೆ ಹೊಸ ಕೊಳವೆ ಕೊಳ್ಳುವುದೇ ವಾಸಿ.

ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಎಂದೂ ಬಳಸಬೇಡಿ. ವೆಲ್ಡಿಂಗ್ ಆರ್ಕಿನ ಶಾಖಕ್ಕೂ ಬೆಳಕಿಗೂ ಅದು ಫಾಸ್‌ಜೀನ್ ಎಂಬ ಪ್ರಾಣಾಂತಕ ಅನಿಲವಾಗುತ್ತದೆ. ಅಸಿಟೋನ್ ಸಾಕು, ಪೂರ್ತಿ ಆರಿದ ಮೇಲೆ ಆರ್ಕ್ ಹಚ್ಚಿ.

ಬೆಸುಗೆಯ ಹದ

6 ಮಿ.ಮೀ. ಪ್ಲೇಟಿಗೆ ಸ್ಟಿಕ್ ವೆಲ್ಡಿಂಗಿನಲ್ಲಿ 3.15 ಮಿ.ಮೀ.ನ 6013 ರಾಡು, 100ರಿಂದ 120 ಆಂಪಿಯರ್. ತಂತಿಯಿಂದ ಬೆಸೆಯುವ ಮಿಗ್ ಯಂತ್ರ ಇದ್ದರೆ 0.8 ಅಥವಾ 1.0 ತಂತಿ. ಇದು ಒತ್ತಡ ತಡೆಯಬೇಕಾದ ಪಾತ್ರೆಯಲ್ಲ, ಆದ್ದರಿಂದ ಬೆಸುಗೆ ಚಿತ್ರದಂತೆ ಕಾಣಬೇಕಿಲ್ಲ. ಗಾಳಿ ಸೋರದಿದ್ದರೆ, ಬಿಸಿಗೆ ಬಿರಿಯದಿದ್ದರೆ ಸಾಕು. ಸೇರಿಸುವ ಜಾಗದ ಕಪ್ಪು ಪೊರೆಯನ್ನು 20 ಮಿ.ಮೀ. ಅಗಲಕ್ಕೆ ಉಜ್ಜಿ ತೆಗೆದು ಹೊಳೆಯುವ ಲೋಹ ಕಾಣುವಂತೆ ಮಾಡಿ. ಬಹಳಷ್ಟು ಸಲ ಬೆಸುಗೆ ತೂತಾಗುವುದು ಈ ಒಂದು ಕೆಲಸವನ್ನು ಬಿಟ್ಟದ್ದರಿಂದ.

ಬೆಸುಗೆ ಆರುವಾಗ ಕುಗ್ಗಿ, ಪ್ಲೇಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. 100ರಿಂದ 150 ಮಿ.ಮೀ.ಗೊಂದು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆಬೆಸುಗೆ) ಹಾಕಿ, ಮೂಲೆಮಟ್ಟದಿಂದ ನೋಡಿ, ಕರ್ಣಗಳನ್ನು ಅಳೆದು ಸಮ ಇದೆಯೆಂದು ಖಚಿತವಾದ ಮೇಲಷ್ಟೇ ಪೂರ್ತಿ ಬೆಸೆಯಿರಿ. ಒಂದು ಬದಿಯಲ್ಲಿ 70–80 ಮಿ.ಮೀ. ಬೆಸೆದರೆ ಮುಂದಿನದು ಎದುರು ಬದಿಯಲ್ಲಿರಲಿ. ಅವಸರಪಟ್ಟು ಒಂದೇ ಉಸಿರಿಗೆ ಎಳೆದ ಬೆಸುಗೆ ಪೆಟ್ಟಿಗೆಯನ್ನು ತಿರುಚುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ.

10 ಅಥವಾ 11ನೇ ಶೇಡಿನ ಹೆಲ್ಮೆಟ್, ಚರ್ಮದ ಗ್ಲೌಸ್, ತೋಳು ಮುಚ್ಚುವ ಹತ್ತಿ ಬಟ್ಟೆ, ಗ್ರೈಂಡರಿಗೆ ಗಾರ್ಡ್ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು, ಕಿಡಿ ಎಲ್ಲಾದರೂ ಕುಳಿತು ಹೊಗೆಯಾಡುತ್ತಿದೆಯೇ ನೋಡಿ.

ದೊಡ್ಡ ಪ್ಲೇಟು ಮತ್ತು ಗಂಟಲು

ಫೈರ್‌ಬಾಕ್ಸಿಗೆ ಬೇರೆ ಗೋಡೆ, ಕೊಳವೆಗೆ ಬೇರೆ ಮುಚ್ಚಳ ಮಾಡಿ ಎರಡನ್ನೂ ಅಂಟಿಸಲು ಹೋದರೆ ನಡುವೆ ಬೆಸುಗೆ ತಲುಪದ ಸಂದು ಉಳಿಯುತ್ತದೆ. 520 × 800 ಪ್ಲೇಟು ಒಂದನ್ನೇ ಎರಡಕ್ಕೂ ಗೋಡೆಯಾಗಿ ಬಳಸಿ. ಒಂದು ಮುಖಕ್ಕೆ ಕೊಳವೆ, ಇನ್ನೊಂದು ಮುಖಕ್ಕೆ ಪೆಟ್ಟಿಗೆ. ಪ್ಲೇಟಿನ ಅಗಲ ಕೊಳವೆಗಿಂತ ಎರಡೂ ಬದಿ 6 ಮಿ.ಮೀ. ಹೆಚ್ಚಿರುವುದರಿಂದ ಬೆಸುಗೆ ಕೂರಲು ಜಾಗವೂ ಸಿಗುತ್ತದೆ.

ಗುರುತು ಹಾಕುವ ಕ್ರಮ ಹೀಗೆ. ಪ್ಲೇಟಿನ ನಟ್ಟನಡುವೆ ನೇರ ಗೆರೆ ಎಳೆಯಿರಿ. ಕೆಳ ಅಂಚಿನಿಂದ 12 ಮಿ.ಮೀ. ಮೇಲೆ ಅಡ್ಡಗೆರೆ, ಇದು ಫೈರ್‌ಬಾಕ್ಸಿನ ಒಳನೆಲ, ಮುಂದಿನ ಅಳತೆಯೆಲ್ಲ ಇಲ್ಲಿಂದಲೇ. 430ರಲ್ಲಿ ಫೈರ್‌ಬಾಕ್ಸಿನ ಒಳಛಾವಣಿ. 518ರಲ್ಲಿ ಕೊಳವೆಯ ಕೇಂದ್ರಬಿಂದು. ಅಲ್ಲಿಂದ 248 ಮಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಕೊಳವೆಯ ಒಳ ಅಂಚು ಸಿಗುತ್ತದೆ, ಅದರ ತಳ 270ರಲ್ಲಿ ಬೀಳುತ್ತದೆ. ಇನ್ನು 290ರಲ್ಲಿ ಒಂದು, 380ರಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಈ ಎರಡು ಗೆರೆಗಳ ನಡುವೆ, ವೃತ್ತದ ಒಳಗೆ ಇರುವ ಭಾಗವೇ ಗಂಟಲು. ಅದರ ಮೇಲಂಚು ಸುಮಾರು 412 ಮಿ.ಮೀ. ಅಗಲ, ಅಂದರೆ ಪೆಟ್ಟಿಗೆಯ 430ರೊಳಗೇ ಬರುತ್ತದೆ.

ಗಂಟಲನ್ನು ಕೊಳವೆಯ ತಳದಿಂದಲೇ ಕತ್ತರಿಸದೆ 20 ಮಿ.ಮೀ. ಬಿಟ್ಟದ್ದಕ್ಕೆ ಕಾರಣವಿದೆ. ಮಾಂಸದಿಂದ ಇಳಿದ ಕೊಬ್ಬು ತಳದಲ್ಲಿ ನಿಲ್ಲುತ್ತದೆ. ಆ ಚಿಕ್ಕ ಒಡ್ಡು ಇಲ್ಲದಿದ್ದರೆ ಕೊಬ್ಬು ನೇರ ಬೆಂಕಿಗೆ ಹರಿದು ಭಗ್ಗನೆ ಹತ್ತಿಕೊಳ್ಳುತ್ತದೆ, ಉರಿ ಹಿಂದಕ್ಕೆ ಕೊಳವೆಯೊಳಗೂ ನುಗ್ಗುತ್ತದೆ. ಇಷ್ಟು ಸಾಲದೆಂದು ಇಡೀ ಕೊಳವೆಯನ್ನು ಚಿಮಣಿಯ ಕಡೆಗೆ 10 ಮಿ.ಮೀ. ಇಳಿಜಾರಾಗಿ ಕೂರಿಸಿ, ಆ ತುದಿಯ ತಳದಲ್ಲಿ 25 ಮಿ.ಮೀ. ಪೈಪು, ವಾಲ್ವ್ ಬೆಸೆಯಿರಿ.

ಗಂಟಲನ್ನು ಪ್ಲೇಟು ನೆಲದ ಮೇಲೆ ಮಲಗಿರುವಾಗಲೇ ಕತ್ತರಿಸಿ ನಯಮಾಡಿ. ಕೊಳವೆ ಕೂರಿಸಿದ ಮೇಲೆ ಅಲ್ಲಿಗೆ ಗ್ರೈಂಡರ್ ಹೋಗದು.

ಫೈರ್‌ಬಾಕ್ಸ್

ನಾಲ್ಕು 430 ಪ್ಲೇಟುಗಳನ್ನು ಒಳಮೂಲೆಗಳು ಮಾತ್ರ ಮುಟ್ಟುವಂತೆ ಚೌಕವಾಗಿ ನಿಲ್ಲಿಸಿ. ಹೊರಮೂಲೆಯಲ್ಲಿ ತಾನಾಗಿ ಒಂದು ತೋಡು ಉಂಟಾಗುತ್ತದೆ. ಅಂಚನ್ನು ಓರೆಯಾಗಿ ಉಜ್ಜುವ ಶ್ರಮವಿಲ್ಲದೆ ಅದನ್ನು ಎರಡು ಸುತ್ತು ಬೆಸುಗೆಯಿಂದ ತುಂಬಿಸಿದರೆ ಪೂರ್ತಿ ದಪ್ಪದ ಜೋಡಣೆ ಸಿಗುತ್ತದೆ. ಒಂದು ಕಡೆ ದೊಡ್ಡ ಪ್ಲೇಟು, ಎದುರು ಕಡೆ 442ರ ಚೌಕಟ್ಟು. ಚೌಕಟ್ಟಿನ ನಡುವೆ 350 × 350 ಬಾಗಿಲ ಬಾಯಿ.

ಬಾಗಿಲು 400 ಚೌಕ, ಸುತ್ತ 25 ಮಿ.ಮೀ. ಮೇಲೆ ಬರುತ್ತದೆ. ಒಳಮುಖಕ್ಕೆ 25 ಮಿ.ಮೀ. ಅಂತರದಲ್ಲಿ 3 ಮಿ.ಮೀ. ತಗಡಿನ ಮರೆಯೊಂದನ್ನು ಬೋಲ್ಟಿನಲ್ಲಿ ಕಟ್ಟಿ, ಗಾಳಿ ಕಿಂಡಿಗಳ ಎದುರು ಮಾತ್ರ ಅದನ್ನೂ ಕತ್ತರಿಸಿ ತೆರೆದಿಡಿ. ಉರಿ ಮೊದಲು ಆ ಮರೆಯನ್ನು ಸುಡುತ್ತದೆ, ಬಾಗಿಲು ಡೊಂಕಾಗುವುದಿಲ್ಲ. ಮರೆ ಹಾಳಾದರೆ ಹೊಸದು ಹಾಕಬಹುದು. ಉಕ್ಕು ಮೀಟರಿಗೆ, ಪ್ರತಿ 100 ಡಿಗ್ರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಫೈರ್‌ಬಾಕ್ಸ್ 350–400 ಡಿಗ್ರಿಗೆ ಏರಿದಾಗ ಗೋಡೆ ಒಂದೂವರೆ, ಎರಡು ಮಿ.ಮೀ. ಬೆಳೆಯುತ್ತದೆ. ಕೀಲು, ಚಿಲಕಗಳಲ್ಲಿ 3 ಮಿ.ಮೀ. ಸಡಿಲ ಬಿಡದಿದ್ದರೆ ಬೆಂಕಿ ಹತ್ತಿದ ಮೇಲೆ ಬಾಗಿಲು ಕಚ್ಚಿಕೊಳ್ಳುತ್ತದೆ.

ಗಾಳಿಗೆ ಬಾಗಿಲಿನಲ್ಲೇ 200 × 45ರ ಎರಡು ಕಿಂಡಿ: ಒಂದು ಬೆಂಕಿ ಜಾಲರಿಯ ಕೆಳಗೆ, ಒಂದು ಮೇಲೆ. ಒಟ್ಟು 180 ಚದರ ಸೆಂ.ಮೀ., ಚಿಮಣಿಯ ಬಾಯಿಗೆ ಸಮ. ಬೆಂಕಿ ಜಾಲರಿ ನೆಲದಿಂದ 90 ಮಿ.ಮೀ. ಮೇಲಿರಲಿ, 12 ಮಿ.ಮೀ. ಸರಳುಗಳ ನಡುವೆ 15 ಮಿ.ಮೀ. ಸಂದು. ತೆಳು ಜಾಲರಿ ಹಾಕಿದರೆ ಕೆಂಡದ ಭಾರಕ್ಕೆ ಜೋತುಬೀಳುತ್ತದೆ.

ಪೆಟ್ಟಿಗೆಗೆ 8 ಅಥವಾ 10 ಮಿ.ಮೀ. ಪ್ಲೇಟು ಹಾಕಲೇ ಎಂದು ಕೇಳುವವರಿಗೆ: ಹೆಚ್ಚುವರಿ ದಪ್ಪ ಕೊಳ್ಳುವ ಮನಸ್ಸಿದ್ದರೆ ಅದನ್ನು ಇಲ್ಲಿಗೇ ಹಾಕಿ, ಕೊಳವೆಗಲ್ಲ. ಇನ್ನೂ ಒಳ್ಳೆಯದು 6 ಮಿ.ಮೀ. ಒಳಗೋಡೆಗೆ 40 ಮಿ.ಮೀ. ಸೆರಾಮಿಕ್ ಉಣ್ಣೆ ಸುತ್ತಿ, ಹೊರಗೆ 3 ಮಿ.ಮೀ. ತಗಡು ಮುಚ್ಚುವುದು. ಸೌದೆ ಉಳಿಯುತ್ತದೆ, ಕಾಲಿಗೆ ತಾಗುವ ಝಳವೂ ಕಡಿಮೆ.

ಕೊಳವೆಯ ಬಾಗಿಲು: ಹೆಚ್ಚು ಜನ ಎಡವುವ ಜಾಗ

ಸುರುಳಿಯಾಗಿ ಬಗ್ಗಿಸಿದ ಕೊಳವೆಯಲ್ಲಿ ಒತ್ತಡ ಅಡಗಿರುತ್ತದೆ. ಬಾಗಿಲ ತುಂಡನ್ನು ಸುತ್ತಲೂ ಕತ್ತರಿಸಿ ತೆಗೆದೊಡನೆ ಅದು ಬಿಚ್ಚಿಕೊಂಡು ಅಗಲವಾಗುತ್ತದೆ. ಬಾಯಿಯ ಅಂಚೂ ಅಲ್ಪ ಸರಿಯುತ್ತದೆ. ಮತ್ತೆ ಇಟ್ಟು ನೋಡಿದರೆ ಒಂದು ಮೂಲೆ 5, 6 ಮಿ.ಮೀ. ಎದ್ದಿರುತ್ತದೆ. ತಡೆಯುವ ದಾರಿ ಕತ್ತರಿಸುವ ಕ್ರಮದಲ್ಲಿದೆ.

ಮೊದಲು ಎರಡೂ ತುದಿ ಮುಚ್ಚಿರಬೇಕು: ಒಂದು ಕಡೆ ದೊಡ್ಡ ಪ್ಲೇಟು, ಇನ್ನೊಂದು ಕಡೆ 502ರ ಬಿಲ್ಲೆ. ಬಿಲ್ಲೆ ಕೊಳವೆಯ ಗೋಡೆಯ ಅರ್ಧ ದಪ್ಪದ ಮೇಲೆ ಕೂರುತ್ತದೆ, ಸುತ್ತ ಉಳಿಯುವ 3 ಮಿ.ಮೀ. ಮೆಟ್ಟಿಲಿನಲ್ಲಿ ಬೆಸುಗೆ ಚೆನ್ನಾಗಿ ಕೂರುತ್ತದೆ. ನಂತರ ಬಾಗಿಲ ಗುರುತು: ಉದ್ದ 900, ಎರಡೂ ತುದಿಯಲ್ಲಿ 160 ಬಿಟ್ಟು. ಕೆಳ ಅಂಚು ಕೊಳವೆಯ ಸರಿಯಾದ ಅರ್ಧ ಎತ್ತರದಲ್ಲಿ. ಮೇಲಂಚು ನೆತ್ತಿಯನ್ನು ದಾಟಿ ಹಿಂದಕ್ಕೆ 10 ಡಿಗ್ರಿ. ಮೈಮೇಲೆ ಅಳೆದರೆ ಈ ಎರಡರ ನಡುವೆ 443 ಮಿ.ಮೀ. ಬದಿಯ ಗೆರೆ ಎಳೆಯಲು ಅಂಚು ನೇರವಾಗಿರುವ ದಪ್ಪ ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ, ಒಂದರ ಮೇಲೊಂದು ಬಂದ ಅಂಚುಗಳು ಹೊಂದಿದರೆ ಗೆರೆ ನೇರವಿದೆ ಎಂದರ್ಥ.

ಈಗ 1 ಮಿ.ಮೀ. ಡಿಸ್ಕಿನಲ್ಲಿ ಕೀಲಿನ ಬದಿಯ ಗೆರೆಯನ್ನು ಮಾತ್ರ ಸೀಳಿ. ಅಲ್ಲೇ ನಿಲ್ಲಿಸಿ ಮೂರು ಕೀಲುಗಳನ್ನು ಪೂರ್ತಿ ಬೆಸೆಯಿರಿ. ಮೂರರ ಪಿನ್ನುಗಳೂ ಒಂದೇ ನೇರದಲ್ಲಿರಬೇಕು; ಉದ್ದನೆಯ ಸರಳೊಂದನ್ನು ಮೂರರೊಳಗೂ ತೂರಿಸಿ ಹಿಡಿದು ಟ್ಯಾಕ್ ಹಾಕಿದರೆ ತಪ್ಪುವುದಿಲ್ಲ. ಆಮೇಲೆ ಎರಡೂ ಬದಿ, ಕಟ್ಟಕಡೆಗೆ ಕೆಳ ಅಂಚು. ಕೆಳ ಅಂಚಿನಲ್ಲಿ ಅಲ್ಲಲ್ಲಿ 20 ಮಿ.ಮೀ.ನ ಮೂರು ಸೇತುವೆ ಬಿಟ್ಟು, ಬಾಗಿಲಿಗೆ ಸುತ್ತ 40 × 5 ಪಟ್ಟಿಯನ್ನು ಅರ್ಧ ಬಾಗಿಲ ಮೇಲೆ, ಅರ್ಧ ಹೊರಗೆ ಚಾಚುವಂತೆ ಬೆಸೆಯಿರಿ. ಬಾಗಿದ ಬದಿಗಳಿಗೆ ಪಟ್ಟಿಯನ್ನು ಮೊದಲೇ ಬಗ್ಗಿಸಿಕೊಳ್ಳಬೇಕು. 25 ಮಿ.ಮೀ. ಬೆಸುಗೆ, 75 ಬಿಡುವು, ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಪಟ್ಟಿ ಗಟ್ಟಿಯಾದ ಮೇಲೆ ಸೇತುವೆಗಳನ್ನು ಕತ್ತರಿಸಿ.

ಇಷ್ಟಾದರೂ ಒಂದು ಮೂಲೆ ಎದ್ದರೆ ಕ್ಲಾಂಪಿನಲ್ಲಿ ಬಿಗಿದು, ಹಿಂಬದಿಗೆ ಟಾರ್ಚಿನ ಬಿಸಿ ಕೊಟ್ಟು ಅಲ್ಲೇ ಆರಲು ಬಿಡಿ. ಉಳಿದ ಸಂದಿಗೆ ಶಾಖ ತಡೆಯುವ ಹಗ್ಗದ ಗ್ಯಾಸ್ಕೆಟ್ ಸಾಕು.

ಬಾಗಿಲು ಪಟ್ಟಿ ಸೇರಿ 20 ಕಿಲೋ ಮೀರುತ್ತದೆ. ಕೀಲಿನ ಹಿಂದಕ್ಕೆ 300 ಮಿ.ಮೀ. ತೋಳು ಚಾಚಿ, ತುದಿಗೆ 10 ಕಿಲೋ ಪ್ರತಿತೂಕ ಇಟ್ಟರೆ ಒಂದೇ ಕೈಯಲ್ಲಿ ಏಳುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ರತಿತೂಕ ಇನ್ನೂ ಹೆಚ್ಚಾದರೆ ಬಾಗಿಲು ಬಿಗಿಯಾಗಿ ಕೂರುವುದಿಲ್ಲ.

ಜಾಲರಿ, ತಡೆತಗಡು, ಚಿಮಣಿ

ಮಾಂಸದ ಜಾಲರಿ ಕೊಳವೆಯ ಒಳತಳದಿಂದ 220 ಮಿ.ಮೀ. ಎತ್ತರದಲ್ಲಿ. 25ರ ಆ್ಯಂಗಲ್ ಚೌಕಟ್ಟಿಗೆ ಎಕ್ಸ್‌ಪಾಂಡೆಡ್ ಮೆಟಲ್ ಬೆಸೆದು ಎರಡು ತುಂಡು ಮಾಡಿ. ಸುತ್ತಲೂ 6 ಮಿ.ಮೀ. ಸಡಿಲ. ಗಂಟಲಿನ ಮೇಲಂಚಿನಿಂದ 20–30 ಮಿ.ಮೀ. ಎತ್ತರದಲ್ಲಿ, ಒಳಕ್ಕೆ 200 ಮಿ.ಮೀ. ಚಾಚುವ ತಡೆತಗಡು ಬೇಕು. ಇಲ್ಲದಿದ್ದರೆ ಆ ತುದಿಯ ಮಾಂಸ ಅಡಿಯಿಂದ ಕರಟುತ್ತದೆ. ಅದನ್ನು ಬೆಸೆಯಬೇಡಿ, ಎರಡು ಆ್ಯಂಗಲ್ ತುಂಡಿನ ಮೇಲೆ ಸುಮ್ಮನೆ ಇಡಿ. ಹಿಂದೆ ಮುಂದೆ ಜರುಗಿಸುತ್ತ ಎರಡು ತುದಿಗಳ ಬಿಸಿಯನ್ನು ಸಮಕ್ಕೆ ತರಬಹುದು.

ಚಿಮಣಿಯನ್ನು ಕೊಳವೆಯ ನೆತ್ತಿಯಲ್ಲಿ ನಿಲ್ಲಿಸುವುದು ಸುಲಭ, ಆದರೆ ಬಿಸಿಗಾಳಿ ಛಾವಣಿ ಹಿಡಿದು ಮಾಂಸವನ್ನು ಮುಟ್ಟದೆ ಹೋಗುತ್ತದೆ. ತುದಿಯ ಬಿಲ್ಲೆಯಲ್ಲಿ ಜಾಲರಿಯ ಮಟ್ಟದಿಂದ ಮೇಲಕ್ಕೆ 350 × 120ರ ಬಾಯಿ ಕತ್ತರಿಸಿ, ಅದಕ್ಕೆ 3 ಮಿ.ಮೀ. ತಗಡಿನ, ಮೇಲೆ ಹೋಗುತ್ತ ಕಿರಿದಾಗುವ ಪೆಟ್ಟಿಗೆ ಬೆಸೆದು, ಅದರ ಮೇಲೆ ಪೈಪು ನಿಲ್ಲಿಸಿ. ಪೆಟ್ಟಿಗೆ ಕನಿಷ್ಠ 150 ಮಿ.ಮೀ. ಆಳವಿರಲಿ; ಎಲ್ಲೂ ಪೈಪಿನ ಬಾಯಿಗಿಂತ ಕಿರಿದಾಗಬಾರದು. ಚಿಮಣಿಗೆ ಮುಚ್ಚುತಗಡು ಅಗತ್ಯವಿಲ್ಲ. ಇಟ್ಟರೂ ಅಡುಗೆಯುದ್ದಕ್ಕೂ ಪೂರ್ತಿ ತೆರೆದಿರಬೇಕು. ಬಿಸಿಯನ್ನು ಸೌದೆಯ ಪ್ರಮಾಣದಿಂದ ಹಿಡಿತಕ್ಕೆ ತರುವುದೇ ಸರಿ.

ಥರ್ಮಾಮೀಟರ್ ಬಾಗಿಲ ನೆತ್ತಿಯಲ್ಲಿದ್ದರೆ ಅದು ಛಾವಣಿಯ ಬಿಸಿ ಹೇಳುತ್ತದೆ, ಮಾಂಸದ್ದಲ್ಲ. ಜಾಲರಿಯಿಂದ 50 ಮಿ.ಮೀ. ಮೇಲೆ, ಬಾಗಿಲ ಎರಡೂ ತುದಿಯಿಂದ ತುಸು ಒಳಗೆ ಒಂದೊಂದು ಸಾಕೆಟ್ ಬೆಸೆಯಿರಿ.

ಕಾಲುಗಳಿಗೆ 50ರ ಆ್ಯಂಗಲ್. ಫೈರ್‌ಬಾಕ್ಸಿನ ನೆಲ ಮಣ್ಣಿನಿಂದ 430 ಮಿ.ಮೀ. ಮೇಲಿದ್ದರೆ ಮಾಂಸದ ಜಾಲರಿ 920ಕ್ಕೆ ಬಂದು ನಿಲ್ಲುತ್ತದೆ, ಬೆನ್ನು ಬಗ್ಗಿಸಬೇಕಿಲ್ಲ. ಭಾರ ಫೈರ್‌ಬಾಕ್ಸಿನ ಕಡೆಗೇ ವಾಲುವುದರಿಂದ ದೊಡ್ಡ ಉಕ್ಕಿನ ಗಾಲಿಗಳನ್ನು ಅಲ್ಲಿಗೆ ಹಾಕಿ. ರಬ್ಬರ್ ಗಾಲಿ ಝಳಕ್ಕೆ ಕರಗುತ್ತದೆ.

ಸೋರಿಕೆ, ಮೊದಲ ಉರಿ, ಬಣ್ಣ

ಕತ್ತಲಾದ ಮೇಲೆ ಒಳಗೆ ಪ್ರಖರ ದೀಪವಿಟ್ಟು ಎಲ್ಲ ಮುಚ್ಚಿ ಸುತ್ತು ಬಂದರೆ ತೂತುಗಳು ಕಣ್ಣಿಗೆ ಬೀಳುತ್ತವೆ. ಫೈರ್‌ಬಾಕ್ಸಿನ ತೂತನ್ನು ಒಂದೂ ಬಿಡದೆ ಮುಚ್ಚಿ. ಅಲ್ಲಿ ನುಗ್ಗುವ ಗಾಳಿ ನಿಮ್ಮ ಜಾರುತಗಡಿನ ಮಾತು ಕೇಳುವುದಿಲ್ಲ, ಬಿಸಿ ತಾನಾಗಿ ಏರುತ್ತದೆ. ಕೊಳವೆಯ ಬಾಗಿಲಂಚಿನಲ್ಲಿ ಎಳೆಯಷ್ಟು ಹೊಗೆ ಸೋರಿದರೆ ಚಿಂತೆಯಿಲ್ಲ.

ಮೊದಲ ಉರಿ ಖಾಲಿ ಸ್ಮೋಕರ್‌ಗೆ. ನಿಧಾನವಾಗಿ 200–250 ಡಿಗ್ರಿಗೆ ಏರಿಸಿ ಎರಡು, ಮೂರು ಗಂಟೆ ಉರಿಸಿದರೆ ಉಕ್ಕಿಗೆ ಅಂಟಿದ ಎಣ್ಣೆ ಸುಟ್ಟುಹೋಗುತ್ತದೆ. ಆರಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ, ಒಳಗೋಡೆಗೆ ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ, ಮತ್ತೆ 140ರ ಆಸುಪಾಸಿನಲ್ಲಿ ಎರಡು ಗಂಟೆ. ಎಣ್ಣೆ ಹೆಚ್ಚಾದರೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಹೊರಮೈಗೆ 600 ಡಿಗ್ರಿ ತಡೆಯುವ ಸಿಲಿಕೋನ್ ಬಣ್ಣ. ಫೈರ್‌ಬಾಕ್ಸ್ ಮೇಲೆ ಅದೂ ಬಹುಕಾಲ ನಿಲ್ಲದು. ಅಲ್ಲಿಗೆ ಬಣ್ಣದ ಬದಲು ಬಿಸಿಯಿರುವಾಗಲೇ ಅಗಸೆ ಎಣ್ಣೆ ಸವರುತ್ತಿರುವುದು ಒಳ್ಳೆಯದು.

ಉರಿಸುವಾಗ ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಹಸಿ, ಇಲ್ಲವೇ ಗಾಳಿ ಸಾಲದು. ಆ ಹೊಗೆ ಮಾಂಸದ ಮೇಲೆ ಕಹಿ ಟಾರಾಗಿ ಕೂರುತ್ತದೆ. 15ರಿಂದ 20 ಶೇಕಡ ತೇವದ ಸೌದೆಯನ್ನು ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಹಾಕುವ ಮುನ್ನ ಫೈರ್‌ಬಾಕ್ಸಿನ ನೆತ್ತಿಯ ಮೇಲಿಟ್ಟು ಬಿಸಿ ಮಾಡಿ. ಒಳಗೆ ಬಿದ್ದೊಡನೆ ಹೊತ್ತಿಕೊಳ್ಳುತ್ತದೆ. ಕಂಡೂ ಕಾಣದ ನೀಲಿ ಹೊಗೆ ಬಂದಾಗ ಮಾಂಸ ಇಡಿ. ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ, ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಬಿಸಿ ಏರುತ್ತಲೇ ಇಲ್ಲವೆಂದರೆ ಮೊದಲು ಬೂದಿ ನೋಡಿ. ಅದು ಬೆಂಕಿ ಜಾಲರಿಯನ್ನು ಮುಟ್ಟಿದರೆ ಕೆಳಗಿನ ಗಾಳಿ ನಿಂತಂತೆಯೇ. ಕೆಲಸ ಮುಗಿದ ಮರುದಿನ ಬೂದಿಯನ್ನು ಪೂರ್ತಿ ಬಳಿದು ತೆಗೆಯಿರಿ, ತಣ್ಣಗಾಗಿದೆ ಎನಿಸಿದರೂ ಲೋಹದ ಬಕೆಟ್ಟಿಗೇ ಹಾಕಿ. ಒಳಗೆ ಬಿಟ್ಟ ಬೂದಿ ತೇವ ಹೀರಿಕೊಂಡು ಫೈರ್‌ಬಾಕ್ಸಿನ ನೆಲವನ್ನು ತುಕ್ಕು ಹಿಡಿಸಿ ತಿನ್ನುತ್ತದೆ. ಸ್ಮೋಕರ್ ಸುಮ್ಮನೆ ನಿಂತಿರುವಾಗ ಚಿಮಣಿಯ ಬಾಯಿಗೆ ಡಬ್ಬ ಮಗುಚಿಡಿ, ಕೊಬ್ಬಿನ ವಾಲ್ವ್ ತೆರೆದಿಡಿ.